ಅಗ್ಗದ ಇಂಕ್‌ಜೆಟ್ ಪ್ರಿಂಟರ್ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಶಾಯಿಯ ಲೆಕ್ಕ ನಾನು ಕಲಿತ ಬಗೆ

ಮಗಳ ಪ್ರವೇಶದ ಅರ್ಜಿಯನ್ನು ಮರುದಿನ ಬೆಳಿಗ್ಗೆ ಸಲ್ಲಿಸಬೇಕಿತ್ತು. ಒಟ್ಟು 11 ಪುಟ, ಎಲ್ಲವೂ ಕಪ್ಪು ಅಕ್ಷರ. ರಾತ್ರಿ ಹತ್ತರ ಹೊತ್ತಿಗೆ ಮುದ್ರಿಸಲು ಹೊರಟಾಗ ನಮ್ಮ ಇಂಕ್‌ಜೆಟ್ ಪ್ರಿಂಟರ್ ಹಳದಿ ಶಾಯಿ ಮುಗಿದಿದೆ, ಹೊಸ ಕಾರ್ಟ್ರಿಡ್ಜ್ ಹಾಕಿ ಎಂಬ ಸೂಚನೆ ತೋರಿಸಿ ನಿಂತುಬಿಟ್ಟಿತು. ಕಪ್ಪು ಶಾಯಿ ಅರ್ಧಕ್ಕಿಂತ ಹೆಚ್ಚು ಉಳಿದಿದೆಯೆಂದು ಅದೇ ಪರದೆ ಹೇಳುತ್ತಿತ್ತು. ಕಪ್ಪಿನಲ್ಲಷ್ಟೇ ಮುದ್ರಿಸುವ ಆಯ್ಕೆಯನ್ನು ಒತ್ತಿದೆ, ಅದೇ ಸೂಚನೆ ಮತ್ತೆ ಬಂತು. ಹೋಗಲಿ, ಸಹಿ ಮಾಡಿದ ಒಂದು ಹಾಳೆಯನ್ನಾದರೂ ಸ್ಕ್ಯಾನ್ ಮಾಡಿ ಕಳಿಸೋಣವೆಂದರೆ, ಒಂದು ಹನಿ ಶಾಯಿಯೂ ಬೇಡದ ಆ ಕೆಲಸಕ್ಕೂ ಯಂತ್ರ ಒಪ್ಪಲಿಲ್ಲ. ಅರ್ಜಿಯನ್ನು ನೆರೆಮನೆಯವರ ಪ್ರಿಂಟರಿನಲ್ಲಿ ಮುದ್ರಿಸಿಕೊಂಡು ಬಂದ ಮೇಲೆ, ಎರಡು ವರ್ಷಗಳಿಂದ ಕೂಡಿಟ್ಟ ರಸೀದಿಗಳನ್ನೆಲ್ಲ ತೆಗೆದು ಲೆಕ್ಕ ಹಾಕಿದೆ. ಪ್ರಿಂಟರಿಗೆ ಕೊಟ್ಟ ಬೆಲೆಯ ಮೂರು ಪಟ್ಟಿಗಿಂತ ಹೆಚ್ಚು ಹಣ ಶಾಯಿಗೆ ಹೋಗಿತ್ತು. ಅದಕ್ಕೆ ಪ್ರತಿಯಾಗಿ ನಾವು ಮುದ್ರಿಸಿದ್ದು 300 ಪುಟಗಳಿಗೂ ಕಡಿಮೆ.

ಇದರಲ್ಲಿ ನನ್ನ ಅಜ್ಞಾನದ ಪಾಲೂ ಇತ್ತು, ಮಾರುವಾಗ ಯಾರೂ ಬಾಯಿಬಿಟ್ಟು ಹೇಳದ ವ್ಯವಸ್ಥೆಯ ಪಾಲೂ ಇತ್ತು. ಕಾರ್ಟ್ರಿಡ್ಜ್ ಬಳಸುವ ಕಡಿಮೆ ಬೆಲೆಯ ಪ್ರಿಂಟರುಗಳನ್ನು ತಯಾರಕರು ಬಹಳ ಕಡಿಮೆ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೇ ಮಾರಿ, ಆ ಹಣವನ್ನು ಮುಂದೆ ವರ್ಷಗಟ್ಟಲೆ ಶಾಯಿಯ ಬೆಲೆಯಲ್ಲಿ ವಸೂಲು ಮಾಡುತ್ತಾರೆ. ಪೆಟ್ಟಿಗೆಯೊಳಗೇ ಬರುವ ಮೊದಲ ಕಾರ್ಟ್ರಿಡ್ಜ್‌ಗಳಲ್ಲಿ ಅಂಗಡಿಯಲ್ಲಿ ಸಿಗುವಷ್ಟು ಶಾಯಿ ಅನೇಕ ಸಲ ಇರುವುದಿಲ್ಲ. ಇದ್ದುದರಲ್ಲೂ ಒಂದು ಭಾಗ, ಹೊಸ ಯಂತ್ರ ಮೊದಲ ಬಾರಿ ಚಾಲನೆಯಾಗುವಾಗ ಕೊಳವೆಗಳನ್ನೂ ಶಾಯಿ ಚಿಮ್ಮಿಸುವ ಭಾಗವಾದ ಹೆಡ್ಡನ್ನೂ ತುಂಬಿಕೊಳ್ಳುವುದಕ್ಕೇ ಹೋಗುತ್ತದೆ. ನಮ್ಮ ಮನೆಯಲ್ಲಿ ಮೊದಲ ತಿಂಗಳಲ್ಲೇ ಹೊಸ ಸೆಟ್ ಕೊಳ್ಳಬೇಕಾಯಿತು. ನಾಲ್ಕು ಬಣ್ಣಗಳ ಆ ಸೆಟ್ಟಿನ ಬೆಲೆ ಪ್ರಿಂಟರಿನ ಬೆಲೆಗೆ ಹೆಚ್ಚುಕಡಿಮೆ ಸಮನಾಗಿದ್ದರೂ ಆಗ ನಾನು ಎಚ್ಚೆತ್ತುಕೊಳ್ಳಲಿಲ್ಲ.

ಶಾಯಿ ಎಲ್ಲಿ ಹೋಗುತ್ತದೆಂದು ತಿಳಿಯಲು ಯಂತ್ರ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಪ್ರಿಂಟರಿನ ಹೆಡ್‌ನಲ್ಲಿ ಕೂದಲೆಳೆಗಿಂತ ಸಣ್ಣ ನೂರಾರು ರಂಧ್ರಗಳಿರುತ್ತವೆ. ಕ್ಯಾನನ್ ಮತ್ತು ಎಚ್‌ಪಿ ಬಳಸುವ ಶಾಖದ ವಿಧಾನದಲ್ಲಿ, ಪ್ರತಿ ರಂಧ್ರದ ಹಿಂದಿರುವ ಪುಟ್ಟ ರೆಸಿಸ್ಟರ್ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ತನಕ ಕಾದು, ಶಾಯಿಯಲ್ಲಿ ಆವಿಯ ಗುಳ್ಳೆಯೊಂದನ್ನು ಎಬ್ಬಿಸುತ್ತದೆ; ಆ ಗುಳ್ಳೆ ಒಂದು ಹನಿಯನ್ನು ಕಾಗದದತ್ತ ಚಿಮ್ಮಿಸುತ್ತದೆ. ಎಪ್ಸನ್ ಬಳಸುವ ಪೀಜೋ ವಿಧಾನದಲ್ಲಿ ಶಾಖವಿಲ್ಲ, ವಿದ್ಯುತ್ ಹರಿದಾಗ ಆಕಾರ ಬದಲಿಸುವ ಸ್ಫಟಿಕವೊಂದು ಶಾಯಿಯನ್ನು ಒತ್ತಿ ಹೊರದೂಡುತ್ತದೆ. ಒಂದು ಹನಿಯ ಗಾತ್ರವನ್ನು ಪಿಕೋಲೀಟರ್‌ಗಳಲ್ಲಿ, ಅಂದರೆ ಮಿಲಿಲೀಟರಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ, ಅಳೆಯುತ್ತಾರೆ. ಹನಿಯೊಂದು 5 ಪಿಕೋಲೀಟರ್ ಆದರೆ ಒಂದು ಮಿಲಿಲೀಟರ್ ಶಾಯಿಯಲ್ಲಿ 20 ಕೋಟಿ ಹನಿಗಳಿರುತ್ತವೆ. ಅಂದರೆ ಅಕ್ಷರ ಮೂಡಿಸುವುದಕ್ಕೆ ಬೇಕಾಗುವ ಶಾಯಿ ನಿಜಕ್ಕೂ ಅತ್ಯಲ್ಪ. ಹಾಗಿದ್ದೂ ನಮ್ಮ ಕಾರ್ಟ್ರಿಡ್ಜ್‌ಗಳು ಬೇಗ ಬರಿದಾಗುತ್ತಿದ್ದವು.

ಅದಕ್ಕೆ ಮುಖ್ಯ ಕಾರಣ ಹೆಡ್ ತೊಳೆಯುವ ಕೆಲಸ. ಇಂಕ್‌ಜೆಟ್ ಶಾಯಿಯ ಹೆಚ್ಚಿನ ಪಾಲು ನೀರು, ಆದ್ದರಿಂದ ಬಳಸದೆ ಬಿಟ್ಟರೆ ರಂಧ್ರಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ. ಹಾಗಾಗದಂತೆ ಪ್ರಿಂಟರ್ ಆಗಾಗ ತಾನಾಗಿಯೇ ಎಲ್ಲ ಬಣ್ಣಗಳ ಶಾಯಿಯನ್ನೂ ಹೆಡ್ಡಿನ ಮೂಲಕ ಹೀರಿ ಹೊರಹಾಕುತ್ತದೆ. ವಾರಗಟ್ಟಲೆ ಸುಮ್ಮನಿದ್ದು ನಾಲ್ಕು ಪುಟಕ್ಕೆ ಎಚ್ಚರಗೊಳ್ಳುವ ಮನೆಯ ಪ್ರಿಂಟರಿನಲ್ಲಿ, ಕಾಗದಕ್ಕೆ ಹೋಗುವುದಕ್ಕಿಂತ ಹೆಚ್ಚು ಶಾಯಿ ಹೀಗೆ ತೊಳೆಯುವುದಕ್ಕೆ ಹೋಗಬಲ್ಲದು. ನಾವು ಬಣ್ಣದಲ್ಲಿ ಮುದ್ರಿಸಿದ್ದು ಬೆರಳೆಣಿಕೆಯ ಪುಟಗಳನ್ನು ಮಾತ್ರ. ಆದರೂ ಹಳದಿ ಮುಗಿದದ್ದು ಹೀಗೆಯೇ. ಇದರ ಜೊತೆಗೆ ಅನೇಕ ಪ್ರಿಂಟರುಗಳು ಬೂದು ಛಾಯೆಗೂ, ಹೊಳಪಿನ ಕಾಗದದ ಮೇಲಿನ ಕಪ್ಪಿಗೂ ಬಣ್ಣದ ಶಾಯಿಗಳನ್ನು ಬೆರೆಸುತ್ತವೆ.

ನಾನು ಮಾಡಿದ ದೊಡ್ಡ ತಪ್ಪನ್ನು ಇಲ್ಲಿಯೇ ಹೇಳಬೇಕು. ವಿದ್ಯುತ್ ಉಳಿಸುವ ಉದ್ದೇಶದಿಂದ ಪ್ರತಿ ರಾತ್ರಿ ಗೋಡೆಯ ಸ್ವಿಚ್ಚಿನಿಂದಲೇ ಪ್ರಿಂಟರನ್ನು ಆರಿಸುತ್ತಿದ್ದೆ. ಪ್ರಿಂಟರಿನ ಮೇಲಿರುವ ಗುಂಡಿಯಿಂದಲೇ ಆರಿಸಿದರೆ ಅದು ಹೆಡ್ಡನ್ನು ಮೂಲೆಗೆ ಒಯ್ದು, ರಬ್ಬರಿನ ಮುಚ್ಚಳದ ಮೇಲೆ ಕೂರಿಸಿ, ಗಾಳಿ ತಾಗದಂತೆ ಮುಚ್ಚಿ ಮಲಗುತ್ತದೆ. ಕೆಲಸದ ನಡುವೆ ಗೋಡೆಯಲ್ಲೇ ಆರಿಸಿದರೆ ಹೆಡ್ ತೆರೆದೇ ಉಳಿದು ಒಣಗುತ್ತದೆ. ಅಲ್ಲದೆ ವಿದ್ಯುತ್ ಪೂರ್ತಿ ತಪ್ಪಿ ಮತ್ತೆ ಬಂದಾಗಲೆಲ್ಲ ಕೆಲವು ಯಂತ್ರಗಳು ಎಷ್ಟು ಹೊತ್ತು ಸುಮ್ಮನಿದ್ದೆವೆಂದು ತಿಳಿಯದೆ ಮೊದಲಿನಿಂದ ತೊಳೆಯತೊಡಗುತ್ತವೆ. ಬೆಳಿಗ್ಗೆ ಚಾಲನೆ ಮಾಡಿದಾಗ ಬಹಳ ಹೊತ್ತು ಕೇಳಿಸುತ್ತಿದ್ದ ಗರಗರ ಸದ್ದು ಏನೆಂದು ನಾನು ಒಮ್ಮೆಯೂ ವಿಚಾರಿಸಲಿಲ್ಲ. ದಯವಿಟ್ಟು ನೀವು ಹೀಗೆ ಮಾಡಬೇಡಿ.

ಒಂದು ಬಣ್ಣ ಮುಗಿದರೆ ಇಡೀ ಯಂತ್ರ ನಿಲ್ಲುವುದಕ್ಕೆ ತಯಾರಕರು ಕೊಡುವ ಕಾರಣವಿದೆ, ಅದು ಪೂರ್ತಿ ಸುಳ್ಳೂ ಅಲ್ಲ: ಹೆಡ್ ಪ್ರಿಂಟರಿನಲ್ಲೇ ಶಾಶ್ವತವಾಗಿ ಕೂತಿರುವ ಮಾದರಿಗಳಲ್ಲಿ ಶಾಯಿಯ ಬದಲು ಗಾಳಿ ಒಳನುಗ್ಗಿದರೆ ಹೆಡ್ ಕೆಡಬಹುದು, ಶಾಯಿಯಿಲ್ಲದೆ ಕಾದ ರೆಸಿಸ್ಟರ್ ಸುಟ್ಟುಹೋಗಬಹುದು. ಆದರೆ ‘ಮುಗಿದಿದೆ’ ಎಂಬ ಸೂಚನೆ ಬಹುತೇಕ ಒಳಗಿನ ಶಾಯಿಯನ್ನು ಅಳೆದು ಬಂದದ್ದಲ್ಲ. ಚಿಮ್ಮಿದ ಹನಿಗಳನ್ನೂ ತೊಳೆದ ಸಲಗಳನ್ನೂ ಲೆಕ್ಕವಿಟ್ಟು, ಇಷ್ಟು ಉಳಿದಿರಬಹುದೆಂದು ಅಂದಾಜಿಸಿ, ಸುರಕ್ಷತೆಗಾಗಿ ಸ್ವಲ್ಪ ಮೊದಲೇ ನಿಲ್ಲಿಸುತ್ತಾರೆ. ಮುಗಿದಿದೆ ಎಂದ ನಮ್ಮ ಹಳದಿ ಕಾರ್ಟ್ರಿಡ್ಜನ್ನು ಒಡೆದಾಗ ಒಳಗಿನ ಸ್ಪಂಜು ಕೈಬೆರಳೆಲ್ಲ ಹಳದಿಯಾಗುವಷ್ಟು ಒದ್ದೆಯಾಗಿತ್ತು. ಇನ್ನು ಸ್ಕ್ಯಾನರನ್ನೂ ತಡೆಹಿಡಿಯುವುದಕ್ಕೆ ಯಾವ ತಾಂತ್ರಿಕ ಕಾರಣವೂ ನನಗೆ ಕಾಣುವುದಿಲ್ಲ.

ನಡುವೆ ಖರ್ಚು ತಗ್ಗಿಸಲು ಬೇರೆ ತಯಾರಕರ, ಕಡಿಮೆ ಬೆಲೆಯ ಕಾರ್ಟ್ರಿಡ್ಜ್‌ಗಳನ್ನು ಕೊಂಡಿದ್ದೆ. ಮೂರು ತಿಂಗಳು ಚೆನ್ನಾಗಿಯೇ ನಡೆದವು. ಒಂದು ದಿನ ಪ್ರಿಂಟರ್ ಇಂಟರ್‌ನೆಟ್ಟಿನಿಂದ ತಾನಾಗಿ ಫರ್ಮ್‌ವೇರ್ (ಯಂತ್ರವನ್ನು ನಡೆಸುವ ಒಳಗಿನ ತಂತ್ರಾಂಶ) ಬದಲಿಸಿಕೊಂಡಿತು, ಮರುದಿನದಿಂದ ಅವುಗಳನ್ನು ಗುರುತಿಸಲಾಗುತ್ತಿಲ್ಲ ಎಂದಿತು. ಕಾರ್ಟ್ರಿಡ್ಜಿನ ಬೆನ್ನಿಗಿರುವ ಚಿಪ್ ಶಾಯಿಯ ಲೆಕ್ಕವನ್ನಷ್ಟೇ ಅಲ್ಲ, ಈ ಕಾರ್ಟ್ರಿಡ್ಜ್ ಯಾರದೆಂಬುದನ್ನೂ ಪ್ರಿಂಟರಿಗೆ ತಿಳಿಸುತ್ತದೆ. ಹೊಸ ಫರ್ಮ್‌ವೇರ್ ಆ ತಪಾಸಣೆಯನ್ನು ಬಿಗಿಗೊಳಿಸಿತ್ತು. ತೆರೆಯದ ಎರಡು ಕಾರ್ಟ್ರಿಡ್ಜ್‌ಗಳು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿವೆ. ಬೇರೆಯವರ ಚಿಪ್ ಇರುವ ಕಾರ್ಟ್ರಿಡ್ಜನ್ನು ತಡೆಯಬಹುದೆಂಬ ಮಾತನ್ನು ಕೆಲವು ಪ್ರಿಂಟರುಗಳ ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಹಣ ಕೊಡುವ ಮೊದಲು ಅದನ್ನು ಹುಡುಕಿ ಓದಿ. ತಿಂಗಳ ಚಂದಾ ಕಟ್ಟಿ ಶಾಯಿ ತರಿಸಿಕೊಳ್ಳುವ ಯೋಜನೆಗಳಲ್ಲೂ ಇಂಥದೇ ಷರತ್ತಿರುತ್ತದೆ: ಚಂದಾ ನಿಲ್ಲಿಸಿದರೆ ಕಾರ್ಟ್ರಿಡ್ಜಿನಲ್ಲಿ ಶಾಯಿ ಉಳಿದಿದ್ದರೂ ಅದು ಮುದ್ರಿಸುವುದಿಲ್ಲ.

ಕೊಳ್ಳುವಾಗ ಪ್ರಿಂಟರಿನ ಬೆಲೆಯ ಚೀಟಿಗಿಂತ ಮೊದಲು ಕಾರ್ಟ್ರಿಡ್ಜಿನ ಬೆಲೆಯನ್ನು ಅದು ಮುದ್ರಿಸಬಲ್ಲ ಪುಟಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಪೆಟ್ಟಿಗೆಯ ಮೇಲಿನ ಆ ಸಂಖ್ಯೆ ಸಾಮಾನ್ಯವಾಗಿ ಐಎಸ್‌ಒ/ಐಇಸಿ 24711 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ, ನಿಗದಿತ ಪುಟಗಳನ್ನು ಒಂದರ ಹಿಂದೊಂದು ಮುದ್ರಿಸಿ ಪಡೆದದ್ದು. ಆಗೊಮ್ಮೆ ಈಗೊಮ್ಮೆ ಮುದ್ರಿಸುವ ಮನೆಯಲ್ಲಿ ತೊಳೆಯುವ ಖರ್ಚು ಸೇರುವುದರಿಂದ ಅಷ್ಟು ಪುಟಗಳು ಸಿಗುವುದಿಲ್ಲ. ಎಕ್ಸ್‌ಎಲ್ ಎಂದು ಮಾರುವ ಕಾರ್ಟ್ರಿಡ್ಜ್‌ಗಳು ಹಲವು ಸಲ ಅದೇ ಗಾತ್ರದ ಕವಚದಲ್ಲಿ ಹೆಚ್ಚು ಶಾಯಿ ತುಂಬಿದವು, ಪುಟದ ಲೆಕ್ಕದಲ್ಲಿ ಅಗ್ಗ. ಬಣ್ಣ ಬೇಕು, ಮುದ್ರಣವೂ ಹೆಚ್ಚು ಎನ್ನುವವರಿಗೆ ಬಾಟಲಿಯಿಂದ ಶಾಯಿ ಸುರಿಯುವ ಇಂಕ್ ಟ್ಯಾಂಕ್ ಪ್ರಿಂಟರ್ ಒಳ್ಳೆಯದು. ಯಂತ್ರದ ಬೆಲೆ ಹೆಚ್ಚಾದರೂ ಪುಟದ ಬೆಲೆ ಬಹಳ ಕಡಿಮೆ. ಆದರೆ ಅದರ ಹೆಡ್ಡೂ ಒಣಗುತ್ತದೆ, ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪುಟ ಮುದ್ರಿಸಬೇಕು. ಕಪ್ಪು ಅಕ್ಷರ ಸಾಕು, ಮುದ್ರಿಸುವುದು ಅಪರೂಪ ಎನ್ನುವವರಿಗೆ ಲೇಸರ್ ಪ್ರಿಂಟರೇ ಸರಿ, ಏಕೆಂದರೆ ಅದರಲ್ಲಿ ಶಾಯಿಯ ಬದಲು ಬಳಸುವ ಟೋನರ್ ಎಂಬುದು ಪುಡಿ, ಒಣಗುವ ಪ್ರಶ್ನೆಯೇ ಇಲ್ಲ. ನಮಗೆ ಬೇಕಿದ್ದುದು ಇದೇ.

ಹಳದಿ ಕಾರ್ಟ್ರಿಡ್ಜ್ ತಂದು ಹಾಕಿದ ಮೇಲೆ ಆ ಪ್ರಿಂಟರ್ ಎರಡು ತಿಂಗಳು ನಡೆಯಿತು. ಅನಂತರ ತೊಳೆದ ಶಾಯಿಯನ್ನು ಹೀರಿಕೊಳ್ಳುವ ಪ್ಯಾಡ್ ತುಂಬಿದೆಯೆಂದು ಹೇಳಿ ಪೂರ್ತಿ ನಿಂತಿತು. ಕೆಲವು ಮಾದರಿಗಳಲ್ಲಿ ಈ ಪ್ಯಾಡಿನ ಪೆಟ್ಟಿಗೆಯನ್ನು ನಾವೇ ಬದಲಿಸಬಹುದು, ನಮ್ಮದರಲ್ಲಿ ಸಾಧ್ಯವಿರಲಿಲ್ಲ. ದುರಸ್ತಿಗೆ ಕೇಳಿದ ಹಣಕ್ಕೆ ಅಂಥದೇ ಹೊಸ ಯಂತ್ರ ಬರುತ್ತಿತ್ತು. ತಳದ ಸ್ಕ್ರೂಗಳನ್ನು ಬಿಚ್ಚಿ ಆ ಪ್ಯಾಡನ್ನು ಹೊರತೆಗೆದೆ. ಬಿಳಿಯಾಗಿದ್ದಿರಬೇಕಾದ ದಪ್ಪನೆಯ ಹಾಸು ಅಂಚಿನಿಂದ ಅಂಚಿಗೆ ಕಪ್ಪಾಗಿ ತೊಯ್ದು, ಎತ್ತಿದರೆ ಕೈಗೆ ಭಾರವಾಗುತ್ತಿತ್ತು.