ಕರ್ವೆನಗರದ ರೊಟ್ಟಿ ಖಾನಾವಳಿ: ಪುಣೆ, ಮುಂಬೈಗಳ ತಿಂಗಳ ಖರ್ಚನ್ನು ತಾಟಿನಿಂದ ಅಳೆದಾಗ

ಪುಣೆಯ ಕರ್ವೆನಗರದಲ್ಲಿ, ಮುಖ್ಯರಸ್ತೆಯಿಂದ ಎರಡು ತಿರುವು ಒಳಗೆ, ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ಇಂಡಿ ತಾಲ್ಲೂಕಿನ ಗಂಡ ಹೆಂಡತಿ ನಡೆಸುವ ಖಾನಾವಳಿಯೊಂದಿದೆ. ಮೂರು ವರ್ಷಗಳಿಂದ ನನ್ನ ಎರಡು ಹೊತ್ತಿನ ಊಟ ಅಲ್ಲಿಯದೇ. ದಿನಕ್ಕೆ ನಲವತ್ತು ಜನರಿಗಿಂತ ಹೆಚ್ಚು ಮಂದಿಗೆ ರೊಟ್ಟಿ ಬಡಿಯಲು ತಮ್ಮಿಂದ ಆಗದು, ಹೆಸರು ವಿಳಾಸ ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದರಿಂದ ಅವೆರಡನ್ನೂ ಇಲ್ಲಿ ಕೊಡುತ್ತಿಲ್ಲ. ಆದರೂ ಬರೆಯಬೇಕೆನಿಸಿದ್ದು, ಮುಂಬೈಯಲ್ಲಿ ಕೆಲಸ ಹಿಡಿಯಲೇ ಪುಣೆಗೆ ಬರಲೇ ಎಂದು ವಿಚಾರಿಸುವ ನಮ್ಮ ಕಡೆಯ ಹುಡುಗ ಹುಡುಗಿಯರೆಲ್ಲ ಮನೆಬಾಡಿಗೆಯೊಂದನ್ನೇ ಕೇಳಿ ಸುಮ್ಮನಾಗುವುದನ್ನು ಕಂಡು. ಎರಡೂ ಊರುಗಳಲ್ಲಿ ಬಾಳಿ ನೋಡಿದವನಾಗಿ ನನ್ನ ಅನುಭವ ಬೇರೆಯದೇ ಇದೆ. ಒಂಟಿಯಾಗಿ ದುಡಿಯುವವರಿಗೆ ಊರು ದುಬಾರಿಯೋ ಅಲ್ಲವೋ ಎಂಬುದನ್ನು ಬಾಡಿಗೆಯ ಚೀಟಿಗಿಂತ ಹೆಚ್ಚಾಗಿ, ಎರಡು ಹೊತ್ತಿನ ಊಟ ಒಂದೇ ಅಡುಗೆಮನೆಯಿಂದ ಸಿಗುತ್ತದೆಯೋ ಇಲ್ಲವೋ ಎಂಬುದು ಹೇಳುತ್ತದೆ.

ಮೊದಲು ಊಟದ ವಿಚಾರ. ಬೆಳಿಗ್ಗೆ ಎಂಟೂವರೆಗೆ ಡಬ್ಬಿ ಸಿದ್ಧವಿರುತ್ತದೆ. ಅದರಲ್ಲಿ ಎರಡು ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ತರಕಾರಿ, ಅನ್ನ, ಬೇಳೆಸಾರು ಇರುತ್ತವೆ. ರಾತ್ರಿ ಅಲ್ಲೇ ಕುಳಿತು ಉಣ್ಣಬೇಕು, ಆಗ ರೊಟ್ಟಿಗೆ ಲೆಕ್ಕವಿಲ್ಲ. ಬದನೆಕಾಯಿ ಎಣಗಾಯಿ, ಝುಣಕ, ಮಡಕಿಕಾಳು, ಪುಂಡಿಪಲ್ಯ ಸರದಿಯ ಮೇಲೆ ಬರುತ್ತವೆ, ಶೇಂಗಾ ಚಟ್ನಿ ಮತ್ತು ಹಸಿ ಉಳ್ಳಾಗಡ್ಡಿ ಮಾತ್ರ ನಿತ್ಯ. ಒಳಕೋಣೆಯ ಬಾಗಿಲು ತೆರೆದೇ ಇರುವುದರಿಂದ ಅಕ್ಕ ರೊಟ್ಟಿ ಬಡಿಯುವುದು ಕಾಣುತ್ತದೆ. ಹಿಟ್ಟಿನ ಉಂಡೆ ಅಂಗೈ ಕೆಳಗೆ ತಿರುಗುತ್ತಲೇ ಅಗಲವಾಗುತ್ತದೆ, ಹಂಚಿಗೆ ಬಿದ್ದ ಕೂಡಲೇ ಒದ್ದೆ ಅರಿವೆಯಿಂದ ಮೇಲ್ಮೈಯನ್ನು ಒಮ್ಮೆ ಸವರುತ್ತಾರೆ, ನೀರು ಆರುತ್ತಿದ್ದಂತೆ ಮಗುಚಿ ಹಾಕುತ್ತಾರೆ, ಕೊನೆಗೆ ಉರಿಯ ಮೇಲೆ ಹಿಡಿದಾಗ ಅದು ಉಬ್ಬುತ್ತದೆ. ತಾಟಿಗೆ ಬರುವ ಹೊತ್ತಿಗೂ ಅದರೊಳಗಿನ ಹಬೆ ಆರಿರುವುದಿಲ್ಲ. “ಇನ್ನೊಂದ್ ಹಾಕ್ಲೇನೋ ತಮ್ಮಾ, ಮುಂಜಾನಿಂದ ದುಡದು ಬಂದೀದಿ” ಎಂದು ಅವರು ಕೇಳಿದರೆ, “ಸಾಕ್ರಿ ಅಕ್ಕಾ” ಎನ್ನುವಷ್ಟರಲ್ಲಿ ರೊಟ್ಟಿ ತಾಟಿನಲ್ಲಿರುತ್ತದೆ.

ಜೋಳ ಅವರ ತವರಿನಿಂದ ಬರುತ್ತದೆ, ತೀರಿದಾಗ ಮಂಗಳವೇಢೆಯ ಮಾಲದಂಡಿ ಜೋಳವನ್ನು ಕೊಳ್ಳುತ್ತಾರೆ. 2016ರಲ್ಲಿ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಪಡೆದ ಈ ಜೋಳದ ರೊಟ್ಟಿ ಬೆಳ್ಳಗೆ, ಮೆತ್ತಗೆ ಇದ್ದು, ಡಬ್ಬಿಯಲ್ಲಿ ಮಧ್ಯಾಹ್ನದವರೆಗೆ ಇಟ್ಟರೂ ಚರ್ಮದಂತೆ ಬಿಗಿಯುವುದಿಲ್ಲ. ಡಬ್ಬಿಯ ಊಟಕ್ಕೆ ಇದಕ್ಕಿಂತ ದೊಡ್ಡ ಗುಣ ಬೇಡ.

ತಿಂಗಳಿಗೆ ಎರಡು ಹೊತ್ತಿಗೆ 3,800 ರೂಪಾಯಿ. ಪುಣೆಯ ಮೆಸ್‌ಗಳಲ್ಲೆಲ್ಲ ಇರುವ ‘ಖಾಡಾ’ ಪದ್ಧತಿ ಇಲ್ಲಿಯೂ ಇದೆ. ಊರಿಗೆ ಹೋದ ದಿನಗಳ ಊಟವನ್ನು ಮುಂದಿನ ತಿಂಗಳಿಗೆ ಜಮಾ ಮಾಡುತ್ತಾರೆ, ಆದರೆ ಕನಿಷ್ಠ ಎರಡು ದಿನ ಸತತವಾಗಿ ರಜೆ ಇರಬೇಕು ಮತ್ತು ಹಿಂದಿನ ರಾತ್ರಿಯೇ ತಿಳಿಸಿರಬೇಕು. ಇದಕ್ಕಾಗಿ ಗೋಡೆಗೆ ನೇತುಹಾಕಿದ ನೋಟ್‌ಬುಕ್ಕೊಂದಿದೆ. ಮೂರು ವರ್ಷಗಳಲ್ಲಿ ಒಂದು ಸಲವೂ ಅದರಲ್ಲಿ ನನ್ನ ಲೆಕ್ಕ ತಪ್ಪಿಲ್ಲ.

ಈಗ ಮುಂಬೈ. ಆರು ವರ್ಷ ನಾನು ಅಲ್ಲಿದ್ದೆ, ಆದರೆ ಹಳೆಯ ದರಗಳನ್ನು ಇಂದಿನವುಗಳ ಜೊತೆ ಹೋಲಿಸುವುದು ನ್ಯಾಯವಲ್ಲ. ಕಳೆದ ವರ್ಷ ಕಚೇರಿಯ ಕೆಲಸಕ್ಕಾಗಿ ಮೂರು ತಿಂಗಳು ಮತ್ತೆ ಅಲ್ಲಿರಬೇಕಾಗಿ ಬಂದು, ಮುಂಬೈ ಹೊರವಲಯದ ಡೊಂಬಿವಲಿಯಲ್ಲಿರುವ ಹಳೆಯ ಗೆಳೆಯನ ಮನೆಯಲ್ಲಿ ಅರ್ಧ ಬಾಡಿಗೆ ಕೊಟ್ಟು ಉಳಿದೆ. ಬರೆದಿಟ್ಟ ಲೆಕ್ಕ ನನ್ನ ಬಳಿ ಇದೆ. ಮುಂಬೈಯೆಂದರೆ ಬಾಡಿಗೆ ಹೆಚ್ಚು ಎಂದು ನಂಬಿದವರಿಗೆ ಅಚ್ಚರಿಯಾಗಬಹುದು. ಡೊಂಬಿವಲಿಯಲ್ಲಿ ನನ್ನ ಪಾಲಿನ ಬಾಡಿಗೆ 6,500 ರೂಪಾಯಿ, ಕರ್ವೆನಗರದಲ್ಲಿ ಅಷ್ಟೇ ದೊಡ್ಡ ಮನೆಯ ಅರ್ಧಕ್ಕೆ ನಾನು ಕೊಡುತ್ತಿರುವುದು 8,500. ದಾದರ್, ಮಾಟುಂಗಾಗಳಲ್ಲಿ ಮನೆ ಹುಡುಕಿದರೆ ಮಾತು ಬೇರೆ, ಆದರೆ ನಮ್ಮಂಥ ಸಂಬಳದವರು ಅಲ್ಲಿ ಮನೆ ಹುಡುಕುವುದಿಲ್ಲ, ದೂರಕ್ಕೆ ಹೋಗುತ್ತಾರೆ. ಆ ದೂರವನ್ನು ಲೋಕಲ್ ರೈಲು ಸಾಧ್ಯವಾಗಿಸುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲಿನ ದಾರಿಯಲ್ಲೇ ಇಂದೂ ಡೊಂಬಿವಲಿಯ ಜನ ಕೋಟೆಗೆ, ಅಂದರೆ ದಕ್ಷಿಣ ಮುಂಬೈಯ ಫೋರ್ಟ್ ಭಾಗಕ್ಕೆ, ಕೆಲಸಕ್ಕೆ ಹೋಗುತ್ತಾರೆ. ಎರಡನೇ ದರ್ಜೆಯ ತಿಂಗಳ ಪಾಸಿಗೆ ನಾನು ಕೊಟ್ಟದ್ದು 350 ರೂಪಾಯಿಯನ್ನು ದಾಟಲಿಲ್ಲ. ಪುಣೆಯಲ್ಲಿ ನಗರ ಬಸ್ಸಿನ ತಿಂಗಳ ಪಾಸು 2025ರ ಜೂನ್‌ನಿಂದ 900ರ ಬದಲು 1,500 ಆಗಿದೆ. ನಾನು ಸ್ಕೂಟರ್ ಬಳಸುತ್ತೇನೆ, ಪೆಟ್ರೋಲು ಮತ್ತು ಸರ್ವಿಸಿಂಗ್ ಸೇರಿ ತಿಂಗಳಿಗೆ ಸುಮಾರು 1,200 ಬೀಳುತ್ತದೆ.

ಹಾಗಾದರೆ ಬಾಡಿಗೆ ಮತ್ತು ಓಡಾಟ ಎರಡರಲ್ಲೂ ಮುಂಬೈಯೇ ಅಗ್ಗವಾಯಿತು, ಸುಮಾರು 2,850 ರೂಪಾಯಿಯಷ್ಟು. ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ. ಬೆಳಿಗ್ಗೆ ಏಳೂವರೆಗೆ ಮನೆ ಬಿಡುವವನಿಗೆ ಅಷ್ಟು ಹೊತ್ತಿಗೆ ಯಾವ ಖಾನಾವಳಿಯೂ ಡಬ್ಬಿ ಕಟ್ಟಿಕೊಡಲಿಲ್ಲ. 1890ರಿಂದ ನಡೆದು ಬಂದಿರುವ ಮನೆಯ ಡಬ್ಬಿಯನ್ನು ಕಚೇರಿಗೆ ತಲುಪಿಸುವ ಮುಂಬೈಯ ಡಬ್ಬಾವಾಲಾಗಳ ಸೇವೆ ಅದ್ಭುತವಾದದ್ದೇ, ಆದರೆ ಮನೆಯಲ್ಲಿ ಅಡುಗೆ ಮಾಡಿ ಡಬ್ಬಿ ತುಂಬಿಸಿಕೊಡುವವರು ಒಬ್ಬರಿದ್ದಾಗಲೇ ಅದರ ಉಪಯೋಗ. ಒಂಟಿ ಬಾಡಿಗೆದಾರರಾದ ನಾವಿಬ್ಬರೂ ಮಧ್ಯಾಹ್ನ ಹೋಟೆಲನ್ನೇ ನಂಬಬೇಕಾಯಿತು. ಫೋರ್ಟ್‌ನಲ್ಲಿ ಕಚೇರಿಯ ಹತ್ತಿರ ಮಧ್ಯಾಹ್ನದ ಊಟಕ್ಕೆ ದಿನಕ್ಕೆ 150ರಂತೆ 22 ದಿನಕ್ಕೆ 3,300. ಸಂಜೆ ರೈಲು ಹತ್ತುವ ಮುನ್ನ ಹಸಿವು ತಡೆಯದೆ ತಿಂದ ವಡಾಪಾವ್, ಇಡ್ಲಿ, ಚಹಾಗಳಿಗೆ 1,100. ರಾತ್ರಿ ಡೊಂಬಿವಲಿಯಲ್ಲಿ ತರಿಸುತ್ತಿದ್ದ ಡಬ್ಬಿಗೆ 2,700, ಭಾನುವಾರದ ಮಧ್ಯಾಹ್ನಗಳಿಗೆ 600, ಬೆಳಗಿನ ತಿಂಡಿಗೆ 1,000. ಒಟ್ಟು 8,700 ರೂಪಾಯಿ. ಪುಣೆಯಲ್ಲಿ ಖಾನಾವಳಿಯ 3,800ಕ್ಕೆ ತಿಂಡಿ ಚಹಾಗಳ 1,500, ಖಾನಾವಳಿ ಮುಚ್ಚಿರುವ ಭಾನುವಾರ ರಾತ್ರಿಗಳ 600 ಸೇರಿಸಿದರೆ 5,900. ವ್ಯತ್ಯಾಸ 2,800. ಬಾಡಿಗೆ ಮತ್ತು ಪಾಸಿನಲ್ಲಿ ಉಳಿದದ್ದೆಲ್ಲ ಊಟದಲ್ಲಿ ಕರಗಿ ಹೋಯಿತು.

ದವಸ ತರಕಾರಿಗಳ ಬೆಲೆ ಇದಕ್ಕೆ ಕಾರಣವಲ್ಲ. ನಾರಾಯಣಗಾವ್‌ನ ಟೊಮೆಟೊ, ಲಾಸಲಗಾವ್‌ನ ಉಳ್ಳಾಗಡ್ಡಿ, ಸೊಲ್ಲಾಪುರ ಕಡೆಯ ಜೋಳ ಎಲ್ಲವೂ ಪುಣೆಯ ಮಾರ್ಕೆಟ್ ಯಾರ್ಡಿಗೂ ಹೋಗುತ್ತವೆ, ನವಿ ಮುಂಬೈಯ ವಾಶಿ ಮಾರುಕಟ್ಟೆಗೂ ಹೋಗುತ್ತವೆ. ಹೆಚ್ಚುವರಿ ಹಣವನ್ನು ನಾನು ತೆತ್ತದ್ದು ಫೋರ್ಟ್‌ನ ಹೋಟೆಲು ಕೂತ ಜಾಗದ ಬಾಡಿಗೆಗೆ ಮತ್ತು ಮನೆಗೂ ಕಚೇರಿಗೂ ನಡುವಿನ ದೂರಕ್ಕೆ. ಕೇಂದ್ರ ಸರ್ಕಾರ ತನ್ನ ನೌಕರರ ಮನೆಬಾಡಿಗೆ ಭತ್ಯೆಗೆ ಮುಂಬೈಯನ್ನೂ ಪುಣೆಯನ್ನೂ ಒಂದೇ ‘ಎಕ್ಸ್’ ದರ್ಜೆಯಲ್ಲಿಟ್ಟು ಮೂಲವೇತನದ 30 ಶೇಕಡಾ ಕೊಡುತ್ತದೆ. ಸೊಲ್ಲಾಪುರ, ಕೊಲ್ಹಾಪುರ, ನಾಸಿಕ, ನಾಗಪುರಗಳು ‘ವೈ’ ದರ್ಜೆಯವು, ಅಲ್ಲಿ 20 ಶೇಕಡಾ. ಮುಂಬೈ ಪುಣೆಗಳನ್ನು ಸಮವೆಂದು ಎಣಿಸಿದ್ದು ತಪ್ಪೆಂದು ನಾನು ಹಿಂದೆ ವಾದಿಸುತ್ತಿದ್ದೆ. ನನ್ನದೇ ಪುಸ್ತಕದ ಲೆಕ್ಕ ನೋಡಿದ ಮೇಲೆ ಆ ವಾದ ಬಿಟ್ಟಿದ್ದೇನೆ.

ಹಣ ಸಮವಾದರೂ ಹೊತ್ತು ಸಮವಲ್ಲ. ಡೊಂಬಿವಲಿಯಿಂದ ಫೋರ್ಟ್‌ಗೆ ರೈಲು, ನಡಿಗೆ, ಕಾಯುವುದು ಎಲ್ಲ ಸೇರಿ ದಿನಕ್ಕೆ ಮೂರು ಗಂಟೆ ಹೋಗುತ್ತಿತ್ತು. ರಾತ್ರಿ ಒಂಬತ್ತೂವರೆಗೆ ಬಾಗಿಲ ಹಿಡಿಕೆಗೆ ನೇತುಬಿದ್ದ ಡಬ್ಬಿಯನ್ನು ತೆರೆದರೆ ಚಪಾತಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಜೋಳದ ರೊಟ್ಟಿ ಬೇಕೆಂದರೆ ಪ್ರತ್ಯೇಕ ದರ. ಕರ್ವೆನಗರದಲ್ಲಿ ಎಂಟು ಗಂಟೆಗೆ ಬಿಸಿ ರೊಟ್ಟಿಯ ಮುಂದೆ ಕುಳಿತಿರುತ್ತೇನೆ, ಪಕ್ಕದಲ್ಲಿ ಸಿಂದಗಿಯವರೋ ಅಕ್ಕಲಕೋಟೆಯವರೋ ಇರುತ್ತಾರೆ, ಮಾತು ಕನ್ನಡದಲ್ಲೇ ನಡೆಯುತ್ತದೆ. ಇದಕ್ಕೆ ಬೆಲೆ ಕಟ್ಟುವ ಕಾಲಮು ನನ್ನ ಪುಸ್ತಕದಲ್ಲಿ ಇಲ್ಲ, ಆದರೆ ನನ್ನ ತೀರ್ಮಾನಕ್ಕೆ ಇದೇ ಆಧಾರ.

ಮುಂಬೈಯ ಮೇಲೆ ನನಗೆ ಅಸಮಾಧಾನವಿದೆ ಎಂದು ಯಾರೂ ತಿಳಿಯಬಾರದು. 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ, ಮಾಟುಂಗಾ ಸ್ಟೇಷನ್ ಬಳಿಯ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಎಲೆಯ ಮುಂದೆ ಕುಳಿತು ಉಂಡವರಿಗೆ ಆ ನಗರ ಪರಸ್ಥಳದ ದುಡಿಯುವವರನ್ನು ಹೇಗೆ ಸಾಕಿತು ಎಂಬುದು ತಾನಾಗಿ ತಿಳಿಯುತ್ತದೆ. ಮಾಟುಂಗಾ, ಸಯಾನ್, ವಡಾಲಾಗಳಲ್ಲಿ ಕಂಪನಿಯ ಕೋಣೆಯೋ ಸಂಬಂಧಿಕರ ಮನೆಯೋ ಸಿಕ್ಕವರು ಕಣ್ಣುಮುಚ್ಚಿ ಮುಂಬೈಗೆ ಹೋಗಬಹುದು, ಅವರಿಗೆ ನನ್ನ ಲೆಕ್ಕ ಅನ್ವಯಿಸುವುದಿಲ್ಲ.

ಸೊಲ್ಲಾಪುರದಲ್ಲಿ ಹದಿನೈದು ದಿನ ಮಾತ್ರ ಇದ್ದೆ. ಎರಡು ಹೊತ್ತಿನ ಖಾನಾವಳಿಗೆ ತಿಂಗಳಿಗೆ 2,800 ಕೇಳಿದರು, ಕಟಕ ರೊಟ್ಟಿಯೂ ಶೇಂಗಾ ಚಟ್ನಿಯೂ ಪುಣೆಗಿಂತ ಮೇಲು. ನಳದ ನೀರು ಕೆಲವು ದಿನಕ್ಕೊಮ್ಮೆ ಬರುವ ಊರಾದ್ದರಿಂದ ಕೋಣೆ ನೋಡುವಾಗ ಮೊದಲು ನೀರಿನ ಟಾಕಿ ನೋಡಬೇಕು. ನಮ್ಮ ಕ್ಷೇತ್ರದ ಕೆಲಸ ಅಲ್ಲಿ ಸಿಗುವಂತಿದ್ದರೆ ನಾನು ಅಲ್ಲಿಗೇ ಹೋಗುತ್ತಿದ್ದೆ.

ಕರ್ವೆನಗರದ ಖಾನಾವಳಿಯ ಕೊರತೆಗಳನ್ನೂ ಹೇಳಬೇಕು. ಅನ್ನ ಸಾಧಾರಣ, ಅಕ್ಕಿಯ ಬಗ್ಗೆ ಅವರಿಗೆ ಆಸಕ್ತಿಯಿಲ್ಲ, ಕರಾವಳಿಯ ಕಡೆಯವರಿಗೆ ಬೇಸರವಾದೀತು. ಮೊಸರಿಗೆ ಬೇರೆ ಹಣ. ಒಂಬತ್ತು ಗಂಟೆಗೆ ಹೋದರೆ ಕೂರಲು ಇಪ್ಪತ್ತು ನಿಮಿಷ ಕಾಯಬೇಕು. ಒಂದು ದಿನದ ಗೈರಿಗೆ ಖಾಡಾ ಸಿಗದಿರುವುದು ಪಾಳಿಯಲ್ಲಿ ದುಡಿಯುವವರಿಗೆ ಅನ್ಯಾಯವೆಂದು ನಾನು ಅವರಿಗೇ ಹೇಳಿದ್ದೇನೆ.

ಬರುವ ತಿಂಗಳಿಂದ ದರ 4,000 ಆಗಲಿದೆ. ಇದನ್ನು ಗೋಡೆಗೆ ಚೀಟಿ ಅಂಟಿಸಿ ಹೇಳದೆ, ಅಣ್ಣ ನೋಟ್‌ಬುಕ್ ಹಿಡಿದು ಒಬ್ಬೊಬ್ಬರ ತಾಟಿನ ಬಳಿಯೂ ಬಂದು, ಜೋಳ ಮತ್ತು ಸಿಲಿಂಡರಿಗೆ ತಾವು ಕೊಟ್ಟ ಹಣವನ್ನು ತೋರಿಸಿ, ಆಗುತ್ತದೆಯೋ ಇಲ್ಲವೋ ಎಂದು ಕೇಳಿದರು. ಪರೀಕ್ಷೆಗೆ ಓದುತ್ತಿರುವ ಇಬ್ಬರು ಹುಡುಗರಿಗೆ ಹಳೆಯ ದರವನ್ನೇ ಉಳಿಸಿದ್ದಾರೆ. ನಾನು ಹೊಸ ದರಕ್ಕೆ ಒಪ್ಪಿ ಮುಂಗಡ ಕೊಟ್ಟಿದ್ದೇನೆ.