ಬೆರಳಿನ ಬಿಸಿ ತೋರಿಸುವ ಬಯೋಫೀಡ್‌ಬ್ಯಾಕ್ ಯಂತ್ರ: 14 ತಿಂಗಳು ಬಳಸಿದ ಮೇಲೆ

ಬ್ಯಾಟರಿ, ವೈರಿನ ಉದ್ದ, ಸ್ಕ್ರೀನ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಅದರ ಬೀಪ್ ಸದ್ದಿನ ಬಗ್ಗೆ. ಬಯೋಫೀಡ್‌ಬ್ಯಾಕ್ ಅಂದರೆ ಮೈಯೊಳಗಿನ ಬದಲಾವಣೆಯನ್ನು ಯಂತ್ರದಲ್ಲಿ ನೋಡುತ್ತಾ ಅದನ್ನು ಹತೋಟಿಗೆ ತರಲು ಕಲಿಯುವುದು.

ನನಗೆ ಮೈಗ್ರೇನ್ ಇದೆ. ತಿಂಗಳಿಗೆ ಆರೇಳು ಸಲ ಬರುತ್ತಿತ್ತು. ಥೆರಪಿಸ್ಟ್ ಹತ್ತಿರ ವಾರವಾರ ಹೋಗಲು ದುಡ್ಡು ಸಾಲದು. ನಾಲ್ಕು ಸಲ ಹೋಗಿ ಕಲಿತುಕೊಂಡು, ಉಳಿದದ್ದನ್ನು ಮನೆಯಲ್ಲೇ ಮಾಡೋಣ ಅಂತ ಇದನ್ನು ಕೊಂಡೆ.

ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಕೂರುತ್ತೇನೆ. ಎಡಗೈ ನಡುಬೆರಳಿನ ತುದಿಯ ಮೆತ್ತನೆ ಜಾಗಕ್ಕೆ ಸೆನ್ಸರ್ ಇಟ್ಟು, ಪೇಪರ್ ಟೇಪ್ ಒಂದೇ ಸುತ್ತು. ಟೇಪ್ ಬಿಗಿಯಾದರೆ ರಕ್ತದ ಓಡಾಟ ಕಮ್ಮಿಯಾಗಿ ಬೆರಳು ತಣ್ಣಗಾಗುತ್ತದೆ. ಇದು ಗೊತ್ತಿಲ್ಲದೆ ಮೊದಲ ತಿಂಗಳು ನನಗೆ ಮನಸ್ಸು ಸಡಿಲ ಮಾಡಲು ಬರುವುದೇ ಇಲ್ಲ ಅಂದುಕೊಂಡಿದ್ದೆ. ಕೈ ತೊಡೆಯ ಮೇಲೆ ಅಂಗಾತ. ಶುರುವಿನಲ್ಲಿ 29 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಉಸಿರು ನಿಧಾನವಾದ ಹಾಗೆ ಚುಕ್ಕಿಯ ಆಚೆಯ ಅಂಕಿ ಮೆಲ್ಲಗೆ ಏರುತ್ತದೆ. 33 ದಾಟುವ ಹೊತ್ತಿಗೆ ಬೆರಳ ತುದಿಯಲ್ಲೇ ನಾಡಿ ಮಿಡಿಯುವುದು ಗೊತ್ತಾಗುತ್ತದೆ. ದಿನವೆಲ್ಲ ನಾನು ಕಾಯುವುದು ಆ ಗಳಿಗೆಗೆ.

ಒತ್ತಡದಲ್ಲಿ ಕೈಯ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಮೈ ಸಡಿಲಾದರೆ ತೆರೆದುಕೊಳ್ಳುತ್ತವೆ. 1960ರ ದಶಕದಲ್ಲಿ ಅಮೆರಿಕದ ಮೆನಿಂಜರ್ ಫೌಂಡೇಶನ್ ಅನ್ನುವ ಮನೋವೈದ್ಯಕೀಯ ಸಂಸ್ಥೆಯಲ್ಲಿ ಸಂಶೋಧಕ ಎಲ್ಮರ್ ಗ್ರೀನ್ ತಂಡದವರ ಪ್ರಯೋಗಕ್ಕೆ ಕೂತಿದ್ದ ಒಬ್ಬ ಮಹಿಳೆಗೆ ಕೈ ಬೆಚ್ಚಗಾದಾಗಲೇ ಮೈಗ್ರೇನ್ ಇಳಿಯಿತಂತೆ. ಈ ಚಿಕಿತ್ಸೆ ಬೆಳೆದದ್ದು ಹಾಗೆ. ಗ್ರೀನ್ ಒತ್ತಿ ಹೇಳಿದ ಮಾತು ಒಂದಿದೆ: ಬಿಸಿಯಾಗಲಿ ಅಂತ ಹಟ ಹಿಡಿದರೆ ಆಗುವುದಿಲ್ಲ, ಆಗಲು ಬಿಡಬೇಕು.

ಈ ಯಂತ್ರ ಬಿಡುವುದೇ ಇಲ್ಲ! ಅರ್ಧ ಡಿಗ್ರಿ ಇಳಿದರೆ ಬೀಪ್, ಜೊತೆಗೆ ಕೆಂಪು ದೀಪ. ನಾನು ಬೆಚ್ಚುತ್ತೇನೆ, 33.4 ಇದ್ದದ್ದು 32.8 ಆಗುತ್ತದೆ. ಮತ್ತೆ ಬೀಪ್. ಸದ್ದು ನಿಲ್ಲಿಸುವ ಬಟನ್ ಇಲ್ಲ. ಕಂಪನಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ.

ಡಬ್ಬಿಯ ಮೇಲಿನ ಕಾಯಿಲೆಗಳ ಪಟ್ಟಿ ಇನ್ನೂ ಬೇಜಾರು ತರಿಸುತ್ತದೆ. ಮಲಬದ್ಧತೆಗೂ ಬಯೋಫೀಡ್‌ಬ್ಯಾಕ್ ಕೆಲಸ ಮಾಡುತ್ತದೆ ಅಂತ ಅದರಲ್ಲಿದೆ. ಕೆಳಹೊಟ್ಟೆಯ ತಳದ ಸ್ನಾಯುಗಳು ಸರಿಯಾಗಿ ಸಡಿಲಾಗದೆ ಬರುವ ಮಲಬದ್ಧತೆಗೆ ಒಳ್ಳೆಯ ಪುರಾವೆ ಇರುವುದು ನಿಜ. ಆದರೆ ಅಲ್ಲಿ ಅಳೆಯುವುದು ಆ ಸ್ನಾಯುಗಳನ್ನು. ಬೆರಳಿಗೆ ಟೇಪ್ ಸುತ್ತಿಕೊಂಡರೆ ಅದು ಆಗುತ್ತದೆಯೇ? ಚಳಿಗೆ ಬೆರಳು ಬಿಳಿಚಿಕೊಳ್ಳುವ ರೇನೋ ಕಾಯಿಲೆಯೂ ಪಟ್ಟಿಯಲ್ಲಿದೆ. 2000ದಲ್ಲಿ ಪ್ರಕಟವಾದ, 300ಕ್ಕೂ ಜಾಸ್ತಿ ರೋಗಿಗಳಿದ್ದ ಪ್ರಯೋಗದಲ್ಲಿ ಬೆರಳಿನ ಬಿಸಿಯ ತರಬೇತಿಯಿಂದ ಲಾಭ ಕಾಣಲಿಲ್ಲ. ರಕ್ತನಾಳ ಹಿಗ್ಗಿಸುವ ನಿಫೆಡಿಪಿನ್ ಮಾತ್ರೆಯೇ ಮೇಲಾಯಿತು. ನೋವಿನಲ್ಲಿರುವವರು ಇಂಥ ಪಟ್ಟಿ ನಂಬಿ ದುಡ್ಡು ಹಾಕುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಮೈಗ್ರೇನ್ ಮಾತು ಬೇರೆ. 2007ರಲ್ಲಿ ಮೈಗ್ರೇನ್‌ಗೆ ಬಯೋಫೀಡ್‌ಬ್ಯಾಕ್ ಬಳಸಿದ 55 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಧ್ಯಮ ಮಟ್ಟದ ಲಾಭ ಕಂಡಿತ್ತು, ಸರಾಸರಿ 17 ತಿಂಗಳ ನಂತರವೂ ಅದು ಉಳಿದಿತ್ತು. ನನಗೀಗ ತಿಂಗಳಿಗೆ ಮೂರು ಸಲ ಬರುತ್ತದೆ. ಇದೇ ಹೊತ್ತಿನಲ್ಲಿ ನಿದ್ದೆಯ ಸಮಯವನ್ನೂ ಸರಿ ಮಾಡಿಕೊಂಡೆ, ಹಾಗಾಗಿ ಪೂರ್ತಿ ಯಂತ್ರದಿಂದಲೇ ಅಂತ ಹೇಳಲಾರೆ. ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ಬಿಟ್ಟಿಲ್ಲ.

ಈಗ ಯಂತ್ರವನ್ನು ಟವೆಲ್‌ನಲ್ಲಿ ಸುತ್ತಿ ದಿಂಬಿನ ಕೆಳಗೆ ಇಡುತ್ತೇನೆ. ವೈರ್ ಮಾತ್ರ ಹೊರಗೆ. ಇಪ್ಪತ್ತು ನಿಮಿಷ ಸುಮ್ನೆ ಕೂತು, ಬೆರಳಲ್ಲಿ ನಾಡಿ ಸಿಕ್ಕ ಮೇಲೆ ಅಂಕಿ ಎಷ್ಟಿರಬಹುದು ಅಂತ ಊಹಿಸಿ ತೆಗೆದು ನೋಡುತ್ತೇನೆ. ನಿನ್ನೆ 34 ಅಂದುಕೊಂಡೆ. 34.1 ಇತ್ತು.