ಹತ್ತೊಂಬತ್ತು ತಿಂಗಳ ಬಳಕೆ: ಬೆರಳಿನ ಓಟ ನೋಡಿ ಮಿದುಳಿಗೆ ಅಂಕ ಕೊಡುವ ಆಪ್

ನನಗೀಗ 62. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದೆ, ಊರು ಶಿವಮೊಗ್ಗ. ನಮ್ಮಮ್ಮ ಕೊನೆಯ ಆರು ವರ್ಷ ಡಿಮೆನ್ಷಿಯಾ ಅನ್ನುವ ಮರೆವಿನ ಕಾಯಿಲೆಯಲ್ಲಿ ನರಳಿದರು. ಅದು ಶುರುವಾಗಿದ್ದು ಹಾಲಿನ ಲೆಕ್ಕದಿಂದ. ಕ್ಯಾಲೆಂಡರಿನಲ್ಲಿ ಒಂದೇ ತಾರೀಖಿಗೆ ಎರಡೆರಡು ಸಲ ಬರೆಯುತ್ತಿದ್ದರು. ನಮ್ಮ ಗಮನಕ್ಕೆ ಬರುವಷ್ಟರಲ್ಲಿ ಒಂದು ವರ್ಷವೇ ಕಳೆದುಹೋಗಿತ್ತು. ನನ್ನ ವಿಷಯದಲ್ಲಿ ಹಾಗಾಗಬಾರದು ಅಂತ ಮಗನ ಕೈಲಿ ಈ ಆಪ್ ಹಾಕಿಸಿಕೊಂಡೆ.

ಇದರಲ್ಲಿ ಆಟವಿಲ್ಲ, ಪ್ರಶ್ನೆ ಪತ್ರಿಕೆಯಿಲ್ಲ. ನಾವು ಎಂದಿನಂತೆ ವಾಟ್ಸಾಪ್ ನೋಡುತ್ತೇವೆ, ಫೋನ್ ಪೇ ಮಾಡುತ್ತೇವೆ. ಬೆರಳು ಸ್ಕ್ರೀನಿಗೆ ತಾಗಿದ ಹೊತ್ತನ್ನು ಇದು ಹಿಂದಿನಿಂದ ಗುರುತು ಹಾಕಿಕೊಳ್ಳುತ್ತದೆ. ಯಾವ ಅಕ್ಷರ ಒತ್ತಿದಿರಿ ಅನ್ನುವುದನ್ನು ಇಟ್ಟುಕೊಳ್ಳುವುದಿಲ್ಲ ಅಂತ ಹೇಳಿದ್ದಾರೆ. ಒಂದು ಒತ್ತಿಗೂ ಇನ್ನೊಂದಕ್ಕೂ ನಡುವಿನ ಸಮಯ, ಅಳಿಸಿದ್ದು, ಫೋನ್ ತೆರೆದು ಬೇಕಾದ್ದನ್ನು ಹುಡುಕಲು ಹಿಡಿದ ಹೊತ್ತು, ಇವುಗಳಿಂದ ದಿನಕ್ಕೊಂದು ಅಂಕ ಬರುತ್ತದೆ.

ಇದರ ಹಿಂದೆ ಸಂಶೋಧನೆ ಇದೆಯಾ ಅಂತ ಮಗನಿಂದ ಹುಡುಕಿಸಿದೆ. ಇದೆ. ಪಾಲ್ ಡಾಗಮ್ ಅನ್ನುವವರು 2018ರಲ್ಲಿ 27 ಜನರ ಏಳು ದಿನದ ಫೋನ್ ಬಳಕೆಯನ್ನು ಅವರ ನೆನಪು, ಗಮನದ ಪರೀಕ್ಷೆಯ ಅಂಕಗಳ ಜೊತೆ ತಾಳೆ ನೋಡಿದ್ದರು, ಸಂಬಂಧ ಕಂಡಿತ್ತು. ಆದರೆ ಆ 27 ಜನರೂ 18ರಿಂದ 34ರ ಒಳಗಿನವರು. ನನ್ನ ವಯಸ್ಸಿನವರು ಒಬ್ಬರೂ ಅದರಲ್ಲಿಲ್ಲ. ಹಾಗಾಗಿ ಬೇರೆಯವರ ಜೊತೆ ಹೋಲಿಸುವ ಪುಟವನ್ನು ಈಗ ನಾನು ತೆರೆಯುವುದೇ ಇಲ್ಲ, ನನ್ನದೇ ಹಳೆಯ ತಿಂಗಳುಗಳ ಪಕ್ಕಕ್ಕಿಟ್ಟು ನೋಡುತ್ತೇನೆ. ಈ ಅಂಕಕ್ಕೆ ಅರ್ಥ ಬರುವುದು ಹಾಗೆ ನೋಡಿದಾಗ ಮಾತ್ರ.

ಐದನೇ ತಿಂಗಳಲ್ಲಿ ಅಂಕ ದಢಕ್ಕನೆ ಇಳಿಯಿತು. ಒಂದು ದಿನ, ಒಂದು ವಾರ ಅಲ್ಲ, ಮೂರು ವಾರ ಮೇಲೇಳಲೇ ಇಲ್ಲ. ಅಮ್ಮನ ಕ್ಯಾಲೆಂಡರ್ ಕಣ್ಣಮುಂದೆ ಬಂತು, ರಾತ್ರಿ ನಿದ್ದೆ ಹೋಯಿತು. ಯಾರಿಗೂ ಹೇಳದೆ ನರರೋಗ ತಜ್ಞರ ಹತ್ತಿರ ಹೋದೆ. ಅವರು ಕಾಗದ, ಪೆನ್ನು ಕೊಟ್ಟು ಗಡಿಯಾರ ಬರೆಸಿದರು, ಪದಗಳನ್ನು ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. 30ಕ್ಕೆ 29 ಬಂತು. ಆಮೇಲೆ ಕೇಳಿದರು: "ಫೋನಿನಲ್ಲಿ ಏನಾದರೂ ಬದಲಾಯಿಸಿದ್ದೀರಾ ಅಮ್ಮಾ?"

ಬದಲಾಯಿಸಿದ್ದೆ. ವಚನದ ಗುಂಪಿಗೆ ಸೇರಿ, ಅದುವರೆಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದವಳು ಕನ್ನಡ ಕೀಬೋರ್ಡ್ ಹಾಕಿಕೊಂಡಿದ್ದೆ. ಹೊಸದರಲ್ಲಿ 'ಲಕ್ಷ್ಮಿ' ಅಂತ ಬರೆಯಲು ಲ, ಕ, ಒತ್ತಕ್ಷರ ಕೂಡಿಸುವ ಗುರುತು, ಷ, ಮತ್ತೆ ಅದೇ ಗುರುತು, ಮ, ಗುಡಿಸು, ಒಟ್ಟು ಏಳು ಸಲ ಹುಡುಕಿ ಹುಡುಕಿ ಒತ್ತಬೇಕಿತ್ತು. ಬೆರಳು ಹೊಸ ಜಾಗ ಕಲಿಯುತ್ತಿತ್ತು, ಆಪ್ ಅದನ್ನು ಮಿದುಳು ನಿಧಾನವಾಯಿತು ಅಂತ ಓದಿತ್ತು. ಈ ವಯಸ್ಸಿನಲ್ಲಿ ಹೊಸದೊಂದು ಕಲಿಯುತ್ತಿರುವುದು ಕುಸಿತವಾಗಿ ಕಂಡಿತಲ್ಲ ಅಂತ ನನಗೆ ನಿಜಕ್ಕೂ ಬೇಸರವಾಯಿತು. ಎರಡು ತಿಂಗಳಲ್ಲಿ ಅಂಕ ತಾನಾಗಿ ಹಳೆಯ ಜಾಗದ ಹತ್ತಿರ ಬಂತು.

ಹಾಗಂತ ಇದನ್ನು ತೆಗೆದುಹಾಕಲಿಲ್ಲ, ಅದಕ್ಕೆ ಕಾರಣ ಇದೆ. ಕಳೆದ ಚಳಿಗಾಲ ನೆಗಡಿಗೆ ಒಂದು ಅಲರ್ಜಿ ಮಾತ್ರೆ ದಿನಾ ತೆಗೆದುಕೊಳ್ಳುತ್ತಿದ್ದೆ. ಮಂಪರು ನನಗೆ ಗೊತ್ತೇ ಆಗುತ್ತಿರಲಿಲ್ಲ, ಚಳಿ ಅಂದುಕೊಂಡಿದ್ದೆ. ಮಾತ್ರೆ ಶುರುವಾದ ಮೂರನೇ ದಿನದಿಂದ ಆಪ್ ತೋರಿಸುವ ಅಂಕದ ಗೆರೆ ಇಳಿದಿತ್ತು. ಈ ಸಲ ಕೀಬೋರ್ಡ್ ಅದೇ, ಫೋನ್ ಅದೇ. ನಮ್ಮ ಮನೆ ಡಾಕ್ಟರಿಗೆ ಗೆರೆ ತೋರಿಸಿದೆ. ಹಳೆಯ ತರಹದ ಅಲರ್ಜಿ ಮಾತ್ರೆಗಳು ಮಿದುಳಿಗೂ ಹೋಗುತ್ತವೆ, ವಯಸ್ಸಾದವರಿಗೆ ಒಳ್ಳೆಯದಲ್ಲ ಅಂತ ಹೇಳಿ ಬೇರೆ ಬರೆದುಕೊಟ್ಟರು. ಹತ್ತು ದಿನದಲ್ಲಿ ಗೆರೆ ಮೇಲೆದ್ದಿತು, ನನ್ನ ತಲೆಯೂ ಹಗುರಾಯಿತು.

ನಿದ್ದೆಯ ಲೆಕ್ಕವೂ ಉಪಯೋಗಕ್ಕೆ ಬಂದಿದೆ. ಬೆರಳು ತಾಗದ ಉದ್ದದ ಅಂತರವನ್ನು ಇದು ನಿದ್ದೆ ಅಂತ ಹಿಡಿಯುತ್ತದೆ, ಎಚ್ಚರವಾಗಿ ಸುಮ್ಮನೆ ಮಲಗಿದ್ದರೂ ನಿದ್ದೆಯೇ. ಆದರೂ ದಿನಾ ರಾತ್ರಿ ಮೂರು ಗಂಟೆ ಆಸುಪಾಸಿಗೆ ನಾನು ಫೋನ್ ಮುಟ್ಟುತ್ತಿದ್ದೇನೆ ಅಂತ ತೋರಿಸಿಕೊಟ್ಟಿದ್ದು ಇದೇ. ಟೈಮ್ ನೋಡಲು ಮುಟ್ಟುತ್ತಿದ್ದೆ. ಈಗ ಮಂಚದ ಪಕ್ಕ ಅಲಾರಂ ಗಡಿಯಾರ ಇಟ್ಟು ಫೋನನ್ನು ಹಜಾರದಲ್ಲಿ ಬಿಡುತ್ತೇನೆ.

ಬಳಸುವವರು ಮೊಮ್ಮಕ್ಕಳ ಕೈಗೆ ಆ ಫೋನ್ ಕೊಡಬೇಡಿ, ಅವರ ಆಟ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಹೊಸ ಮಾತ್ರೆ, ಹೊಸ ಸ್ಕ್ರೀನ್ ಗಾರ್ಡ್, ಬೆರಳಿಗೆ ಗಾಯ, ಏನೇ ಆದರೂ ಅದರ ತಾರೀಖು ಬರೆದಿಡಿ. ಬ್ಯಾಟರಿ ಹೆಚ್ಚು ತಿನ್ನುವುದಿಲ್ಲ.

ಇದನ್ನು ಮಾಡಿದವರಲ್ಲಿ ಎರಡು ಕೇಳಿಕೆ. ಕೀಬೋರ್ಡ್ ಬದಲಾದರೆ ನಿಮಗೆ ಗೊತ್ತಾಗುತ್ತದೆ ತಾನೆ, ಆ ದಿನದಿಂದ ಲೆಕ್ಕ ಹೊಸದಾಗಿ ಶುರು ಮಾಡಿ, ಇಲ್ಲವೇ ಗೆರೆಯ ಮೇಲೆ ಒಂದು ಗುರುತಾದರೂ ಹಾಕಿ. ಇನ್ನೊಂದು, ನನ್ನ ಹತ್ತೊಂಬತ್ತು ತಿಂಗಳ ದಾಖಲೆಯನ್ನು ಪೂರ್ತಿ ಅಳಿಸುವ ಗುಂಡಿ ಸೆಟ್ಟಿಂಗ್ಸಿನಲ್ಲಿ ಎಲ್ಲೂ ಸಿಗಲಿಲ್ಲ. ಇದು ನನ್ನ ತಲೆಯ ವಿಷಯ. ನಾಳೆ ವಿಮೆಯವರ ಕೈಗೆ ಹೋದರೆ ಏನು ಗತಿ? ಅಳಿಸಿ ಅಂತ ಕೇಳುವ ಹಕ್ಕನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಬರೆದಿದ್ದಾರೆ, ಆ ಗುಂಡಿಯನ್ನು ಮೊದಲ ಪುಟದಲ್ಲೇ ಇಡಿ. ಸದ್ಯಕ್ಕೆ ಮೂರು ಸ್ಟಾರ್.